ನವಿಲು ಕುಕ್ಕಿದ ಗಾಜು

ನಮ್ಮ ಮನೆಯ ಮುಂಭಾಗಕ್ಕೆ ನವಿಲೊಂದು ಮಾಡಿದ ಹಾನಿಯನ್ನು, ಆ ನವಿಲಿನ ಒಂದು ಗರಿಯೂ ಕೊಂಕದಂತೆ, ಯಾರ ನೆರವೂ ಇಲ್ಲದೆ, ಬರೀ ವಿಜ್ಞಾನದ ಬಲದಿಂದ ಸರಿಪಡಿಸಿ ತೋರಿಸುತ್ತೇನೆ ಎಂದು ನಾನು ಹೆಂಡತಿಯ ಮುಂದೆ ಘೋಷಿಸಿದ್ದು ೨೦೦೬ರ ಕಾರಹುಣ್ಣಿಮೆಯ ಮರುದಿನ. ಆಕೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ನನ್ನ ಘೋಷಣೆ ಮುಗಿಯುವವರೆಗೆ ಕೈ ನಿಲ್ಲಿಸಿದಳು. ಮುಗಿದ ಮೇಲೆ ಮತ್ತೆ ಬಡಿಯತೊಡಗಿದಳು, ಮೊದಲಿಗಿಂತ ತುಸು ಜೋರಾಗಿ. ಮದುವೆಯಾಗಿ ಹದಿನೇಳು ವರ್ಷವಾದ ಗಂಡಸಿಗೆ ಆ ಸದ್ದಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾನು ಗುಡದಪ್ಪ. ಹಾವೇರಿಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮಾಸ್ತರ. ಮನೆ ಅಗಡಿಯಲ್ಲಿ, ಊರಿನ ತುದಿಗೆ, ಬಸ್ ನಿಲ್ಲುವ ಜಾಗದ ಪಕ್ಕದಲ್ಲೇ. ರಸ್ತೆ ದಾಟಿದರೆ ಹೊಲ. ‘ಬೆಳಕಿನ ಪ್ರತಿಫಲನ’ ಎಂಬ ಪಾಠವನ್ನು ವರ್ಷಕ್ಕೆ ಹತ್ತು ಪಿರಿಯಡ್‌ನಂತೆ ಇಪ್ಪತ್ತು ವರ್ಷದಿಂದ ಕಲಿಸುತ್ತ ಬಂದಿದ್ದೇನೆ. ಇದನ್ನು ಈಗಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಇಲ್ಲವಾದರೆ ನನ್ನ ವಿದ್ಯಾರ್ಥಿಗಳು ಹೇಳಿಬಿಡುತ್ತಾರೆ.

ಆ ಬೇಸಿಗೆಯಲ್ಲಿ ಮನೆಯ ಮುಂಭಾಗವನ್ನು ಹೊಸದು ಮಾಡಿಸಿದ್ದೆ. ಹೊರಗೋಡೆಗೆ ಬಾದಾಮಿ ಬಣ್ಣ. ಪಡಸಾಲೆಯ ದೊಡ್ಡ ಕಿಟಕಿಗೆ ರಾಣೆಬೆನ್ನೂರಿನಿಂದ ತರಿಸಿದ ಕನ್ನಡಿಯಂಥ ಗಾಜು. ಹಾವೇರಿಯ ಹೊಸ ಕಟ್ಟಡಗಳಲ್ಲಿ ಅಂಥ ಗಾಜು ಕಂಡಾಗಿನಿಂದ ನನಗೆ ನಿದ್ದೆ ಇರಲಿಲ್ಲ. ಗಾಜಿನ ಅಂಗಡಿಯ ನಾಸೀರ ಅದನ್ನು ಬೆರಳಲ್ಲಿ ತಟ್ಟಿ ಹೇಳಿದ್ದ: “ಒಳಗಿನವ್ರಿಗೆ ಹೊರಗಿಂದೆಲ್ಲಾ ಕಾಣತೈತ್ರಿ ಸರ್. ಹೊರಗಿನವ್ರಿಗೆ ಒಳಗಿಂದು ಏನೂ ಕಾಣಂಗಿಲ್ರಿ.”

ಈ ಮಾತನ್ನು ನಾನು ಹೆಮ್ಮೆಯಿಂದ ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ ದ್ರಾಕ್ಷಾಯಿಣಿ ಪಡಸಾಲೆಯನ್ನೊಮ್ಮೆ ಸುತ್ತ ನೋಡಿ, “ನಮ್ಮ ಒಳಗ ನೋಡೂವಂಥದ್ದು ಏನೈತ್ರಿ?” ಎಂದು ಕೇಳಿದಳು.

ಹೊರಗೆ ನೋಡುವಂಥದ್ದು ಮಾತ್ರ ಬಹಳ ಇತ್ತು. ಬಸ್ ಕಾಯುವವರೆಲ್ಲ ಆ ಗಾಜನ್ನು ಕನ್ನಡಿ ಮಾಡಿಕೊಂಡುಬಿಟ್ಟರು. ಒಳಗೆ ಜನ ಕೂತಿದ್ದಾರೆ, ತಮ್ಮನ್ನು ಒಂದು ಗೇಣಿನ ದೂರದಿಂದ ನೋಡುತ್ತಿದ್ದಾರೆ ಎಂಬ ಅರಿವು ಅವರಿಗೆಲ್ಲಿ? ಒಬ್ಬ ಬಂದು ಮೀಸೆ ತಿರುವಿ ಹೋಗುವನು. ಒಬ್ಬಳು ಕುಂಕುಮ ತಿದ್ದಿಕೊಳ್ಳುವಳು. ಎದುರು ಮನೆಯ ಚೌಡವ್ವ ದಿನಾಲೂ ಬೆಳಿಗ್ಗೆ ಬಂದು ಬಾಯಿ ಅಗಲಿಸಿ ಉಳಿದ ಹಲ್ಲುಗಳನ್ನು ಎಣಿಸಿ ಹೋಗುವಳು. ನಾವು ಒಳಗೆ ಚಹಾ ಕುಡಿಯುತ್ತ ಇದನ್ನೆಲ್ಲ ನೋಡುತ್ತಿದ್ದೆವು. ಟೀವಿ ಹಚ್ಚುವುದೇ ಕಡಿಮೆಯಾಯಿತು.

ಹೀಗಿರುವಾಗ, ಮೊದಲ ಮಳೆ ಬಿದ್ದ ವಾರ, ಬೆಳಿಗ್ಗೆ ಏಳರ ಸುಮಾರಿಗೆ, ಹೊಲದ ಬದುವಿನಿಂದ ಇಳಿದು, ರಸ್ತೆ ದಾಟಿ, ಆ ನವಿಲು ಬಂತು.

ಮೊದಲ ದಿನ ಅದು ಗಾಜಿನ ಮುಂದೆ ನಿಂತು ಗರಿ ಬಿಚ್ಚಿತು. ಗಾಜಿನೊಳಗಿನದೂ ಬಿಚ್ಚಿತು. ನಾನು ಹೆಂಡತಿಯನ್ನು ಕರೆದು, ಜಗತ್ತಿನಲ್ಲಿ ಎಷ್ಟು ಮಂದಿಗೆ ಇಂಥ ಭಾಗ್ಯ ಇದೆ ಎಂದು ಕೇಳಿದೆ. ಎರಡನೆಯ ದಿನ ನವಿಲು ಗಾಜಿಗೆ ಕೊಕ್ಕಿನಿಂದ ಒಂದು ಕೊಟ್ಟಿತು. ಎದುರಾಳಿಯೂ ಬಿಡದೆ ಒಂದು ಕೊಟ್ಟಿತು. ಮೂರನೆಯ ದಿನದಿಂದ ಅದು ಕಾಲು ಮುಂದೆ ಮಾಡಿ ಹಾರಿ ಹಾರಿ ಒದೆಯತೊಡಗಿತು. ಎಂಟು ದಿನದಲ್ಲಿ ಗಾಜಿನ ಕೆಳಮೂಲೆ ಬಿರುಕು ಬಿಟ್ಟಿತು, ಅಂಚಿಗೆ ಮೆತ್ತಿದ್ದ ಪುಟ್ಟಿ ಕಿತ್ತು ಬಂತು, ಕಿಟಕಿಯ ಕೆಳಗಿನ ಪ್ಲಾಸ್ಟರು ಹಕ್ಕಳೆಯಾಗಿ ಉದುರಿತು. ಬಾದಾಮಿ ಬಣ್ಣದ ಮೇಲೆ ಉಗುರಿನ ಗೀರುಗಳು ಒಂದನೇ ಇಯತ್ತೆಯ ಹುಡುಗರು ಪಾಟಿಯ ಮೇಲೆ ಬರೆದ ಹಾಗೆ ಮೂಡಿದವು.

ಒಂದು ಬೆಳಿಗ್ಗೆ ತಡೆಯಲಾರದೆ ಕಸಬರಿಗೆ ಹಿಡಿದು ಹೊರಗೆ ನುಗ್ಗಿದೆ. ಎದುರು ಕಟ್ಟೆಯ ಮೇಲಿದ್ದ ಚೌಡವ್ವ ಕೂತಲ್ಲಿಂದಲೇ ಎಚ್ಚರಿಸಿದಳು: “ಮಾಸ್ತರ, ಅದು ರಾಷ್ಟ್ರಪಕ್ಷಿ. ಕೈ ಎತ್ತೀರಂದ್ರ ಜಾಮೀನು ಸುದ್ದಾ ಸಿಗಂಗಿಲ್ಲ.”

ಕಾನೂನು ನನಗೂ ಗೊತ್ತಿತ್ತು. ಶಾಲೆಯಲ್ಲಿ ವನ್ಯಜೀವಿ ಸಂರಕ್ಷಣೆಯ ಮೇಲೆ ಭಾಷಣ ಮಾಡುವವನೇ ನಾನು. ಎತ್ತಿದ ಕಸಬರಿಗೆಯನ್ನು ಹಾಗೆಯೇ ಇಳಿಸಿದರೆ ಮರ್ಯಾದೆ ಹೋಗುತ್ತದೆಂದು ಅಂಗಳ ಗುಡಿಸತೊಡಗಿದೆ. ಒಳಗಿನಿಂದ ದ್ರಾಕ್ಷಾಯಿಣಿ ಗಾಜಿನ ಮೂಲಕ ನೋಡುತ್ತಿದ್ದಳು. ಗಂಡ ಅಂಗಳ ಗುಡಿಸುವುದನ್ನು ಆಕೆ ಹದಿನೇಳು ವರ್ಷದಲ್ಲಿ ಮೊದಲ ಸಲ ಕಂಡದ್ದು. ನವಿಲಿನಿಂದ ಇಷ್ಟಾದರೂ ಆಯಿತಲ್ಲ ಎಂದಳು.

ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟೆ. ‘ವಿಷಯ: ರಾಷ್ಟ್ರಪಕ್ಷಿಯು ನನ್ನ ಕಿಟಕಿಯ ಮೇಲೆ ನಡೆಸುತ್ತಿರುವ ಹಲ್ಲೆಯ ಕುರಿತು.’ ಕಾರಹುಣ್ಣಿಮೆಯ ದಿನ ಗಾರ್ಡ್ ಫಕ್ಕೀರಪ್ಪ ಸೈಕಲ್ ಮೇಲೆ ಬಂದರು. ಪಡಸಾಲೆಯಲ್ಲಿ ಕೂತು, ಹೋಳಿಗೆ ತಿಂದು, ಚಹಾ ಕುಡಿದು, ಗಾಜಿನಾಚೆಯ ಕದನವನ್ನು ಅರ್ಧ ತಾಸು ನೋಡಿದರು. ಆಮೇಲೆ ಕಪ್ಪು ಕೆಳಗಿಟ್ಟು ತೀರ್ಪು ಕೊಟ್ಟರು.

“ಅದಕ್ಕ ನಿಮ್ಮ ಮ್ಯಾಲ ಸಿಟ್ಟಿಲ್ರಿ ಸರ್. ಗಾಜಿನ್ಯಾಗ ಇನ್ನೊಂದು ಗಂಡು ನಿಂತೈತಿ ಅಂತ ತಿಳಕೊಂಡೈತಿ. ಹೊರಗಿಂದ ಗಾಜಿಗೆ ಸುಣ್ಣ ಬಳದುಬಿಡ್ರಿ. ದಸರಾ ತನಕಾ ಹಂಗ ಇರಲಿ. ಗರಿ ಉದುರಿದ್ವಂದ್ರ ಅದರ ಸೊಕ್ಕೂ ಇಳೀತೈತಿ. ಆಮ್ಯಾಲ ಗೌಂಡಿ ಕರಸ್ರಿ.”

ಹಿಡಿಯುವಂತಿಲ್ಲ, ಹೊಡೆಯುವಂತಿಲ್ಲ, ಪಟಾಕಿ ಹಾರಿಸಿ ಬೆದರಿಸುವಂತಿಲ್ಲ, ಮೊಟ್ಟೆ ಕಂಡರೆ ಮುಟ್ಟುವಂತಿಲ್ಲ ಎಂದು ಒಂದೊಂದಾಗಿ ಬೆರಳು ಮಡಚಿ ಹೇಳಿ ಹೋದರು.

ನನಗೆ ಎರಡು ಕಡೆ ಪೆಟ್ಟಾಯಿತು. ಒಂದು, ಬೆಳಕಿನ ಪ್ರತಿಫಲನವನ್ನು ನನಗೇ, ನನ್ನ ಮನೆಯಲ್ಲೇ, ಸೈಕಲ್ ಮೇಲೆ ಬಂದವರೊಬ್ಬರು ಕಲಿಸಿ ಹೋದದ್ದು. ಇನ್ನೊಂದು, ರಾಣೆಬೆನ್ನೂರಿನ ಗಾಜಿಗೆ ಸುಣ್ಣ! ಮರುದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು ನಾನು ಮಾಡಿದ ಘೋಷಣೆಯ ಹಿನ್ನೆಲೆ ಇಷ್ಟು. ಕಾರಹುಣ್ಣಿಮೆ ಮುಗಿದಿತ್ತು. ನಮ್ಮ ಮನೆಯ ಖಾರಹುಣ್ಣಿಮೆ ಇನ್ನೂ ಬರಬೇಕಿತ್ತು.

ಮೊದಲು ಗಾಜಿಗೆ ಹೊರಗಿನಿಂದ ಹಳೆಯ ಪೇಪರು ಅಂಟಿಸಿದೆ. ಬಸ್ ಕಾಯುವವರು ಸಾಲಾಗಿ ನಿಂತು ಓದತೊಡಗಿದರು. ಒಬ್ಬರು ಒಳಗೆ ಬಂದು ಮುಂದಿನ ಪುಟ ಎಲ್ಲಿದೆ ಎಂದು ಕೇಳಿದರು. ಮಳೆ ಬಂದು ಪೇಪರು ಕಳಚಿ ಬಿತ್ತು. ಮತ್ತೆ ಅಂಟಿಸಿದೆ, ಮತ್ತೆ ಬಿತ್ತು. ಹಳೆಯ ಸೀರೆ ಕೊಡು ಎಂದು ದ್ರಾಕ್ಷಾಯಿಣಿಯನ್ನು ಕೇಳಿದೆ. ತನ್ನ ಸೀರೆಗಳಲ್ಲಿ ಯಾವುದೂ ಹಳೆಯದಾಗಿಲ್ಲ, ಬೇಕಾದರೆ ನಿಮ್ಮ ಧೋತರ ಕಟ್ಟಿಕೊಳ್ಳಿ ಎಂದಳು. ಹೀಗೆ ಮಿರಗದ ಮಳೆ ಕಳೆಯಿತು, ಆಷಾಢ ಕಳೆಯಿತು. ನವಿಲು ಒಂದು ದಿನವೂ ರಜೆ ಹಾಕಲಿಲ್ಲ.

ಆಗ ನನಗೆ ಬ್ಯಾಡಗಿ ನೆನಪಾಯಿತು. ಅಲ್ಲಿನ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೆಲಸಕ್ಕಿದ್ದ. ಇಡೀ ಹಂಗಾಮು ಮೆಣಸಿನಕಾಯಿ ತುಂಬಿಸಿಕೊಂಡಿದ್ದ ಗೋಣಿಚೀಲಗಳು ಖಾಲಿ ಬಿದ್ದಿರುತ್ತವಲ್ಲ, ಅವನ್ನು ತಂದು ಕಿಟಕಿಗೆ ಬಡಿದರೆ? ಗಾಜೂ ಮುಚ್ಚುತ್ತದೆ, ಘಾಟಿಗೆ ನವಿಲೂ ಹತ್ತಿರ ಸುಳಿಯುವುದಿಲ್ಲ. ಹೊಡೆತವಿಲ್ಲ, ಬಡಿತವಿಲ್ಲ, ಶುದ್ಧ ಅಹಿಂಸೆ. ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಜನ ಹೇಳುತ್ತಾರೆ. ಹಾಗೆ ಹೇಳುವವರು ಅದರ ಖಾಲಿ ಚೀಲವನ್ನು ಜಾಡಿಸಿ ನೋಡಿದವರಲ್ಲ. ಆರು ಚೀಲ ಸುತ್ತಿಕೊಂಡು ಹಾವೇರಿಯ ಬಸ್ ಹತ್ತಿದೆ. ಮೋಟೆಬೆನ್ನೂರು ಬರುವಷ್ಟರಲ್ಲಿ ಡ್ರೈವರನನ್ನೂ ಸೇರಿಸಿ ಇಡೀ ಬಸ್ಸು ಸೀನುತ್ತಿತ್ತು. ಕಂಡಕ್ಟರು ಕಣ್ಣೊರೆಸಿಕೊಳ್ಳುತ್ತ ಬಂದು, ಒಂದೋ ಚೀಲ ಟಾಪಿನ ಮೇಲೆ ಹೋಗಬೇಕು, ಇಲ್ಲ ಚೀಲ ಮತ್ತು ನಾನು ಇಬ್ಬರೂ ಕೆಳಗಿಳಿಯಬೇಕು ಎಂದ. ಚೀಲ ಮೇಲೆ ಹೋಯಿತು. ನನಗೆ ಬೇಸರವೇನೂ ಆಗಲಿಲ್ಲ. ಐವತ್ತು ಮಂದಿಯನ್ನು ಸೀನಿಸಿದ ಚೀಲ ಒಂದು ಹಕ್ಕಿಯನ್ನು ಬಿಟ್ಟೀತೇ?

ಮನೆ ಮುಟ್ಟಿದಾಗ ಸಂಜೆಯಾಗಿತ್ತು. ಗಾಳಿ ಇರಲಿಲ್ಲ. ಯಾರಿಗೂ ಹೇಳದೆ, ಮೂಗಿಗೆ ಟವೆಲ್ ಕಟ್ಟಿಕೊಂಡು, ಆರೂ ಚೀಲಗಳನ್ನು ಕಿಟಕಿಗೆ ಮೊಳೆ ಹೊಡೆದು ಬಿಗಿದೆ. ಒಳಗೆ ಹೋದರೆ ಪಡಸಾಲೆಯ ಮಂಚದ ಮೇಲೆ ನಮ್ಮ ಅತ್ತೆ ಜಯವ್ವ ಕಪ್ಪು ಕನ್ನಡಕ ಹಾಕಿಕೊಂಡು ಮಲಗಿದ್ದರು.

ಅವರದು ಹಲಗೇರಿ. ಕಣ್ಣಿನ ಪೊರೆಯ ಆಪರೇಷನ್ ಹಿಂದಿನ ದಿನ ಹಾವೇರಿಯಲ್ಲಿ ಆಗಿತ್ತು. ಅಂದು ನಮ್ಮ ಮನೆಗೆ ಕರೆತರುವುದೆಂದು ನಿಗದಿಯಾಗಿತ್ತು. ಅದನ್ನು ದ್ರಾಕ್ಷಾಯಿಣಿ ನನಗೆ ಮೂರು ಸಲ ಹೇಳಿದ್ದಳಂತೆ. ಮೂರು ಸಲವೂ ನಾನು ಹ್ಞೂಂ ಅಂದಿದ್ದೆನಂತೆ. ಡಾಕ್ಟರ ಕಟ್ಟಪ್ಪಣೆಗಳನ್ನು ಆಕೆ ಈಗ ನಾಲ್ಕನೆಯ ಸಲ ಒಪ್ಪಿಸಿದಳು: ತಲೆಗೆ ನೀರು ಹಾಕುವಂತಿಲ್ಲ, ಬಗ್ಗುವಂತಿಲ್ಲ, ಹೊಗೆ ಧೂಳು ಬಡಿಯುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಎಂಟು ದಿನ ಕೆಮ್ಮುವಂತಿಲ್ಲ, ಸೀನುವಂತಿಲ್ಲ. ಸೀನಿದರೆ ಕಣ್ಣಿನ ಹೊಲಿಗೆ ಬಿಚ್ಚಬಹುದು.

ನಾನು ಕಿಟಕಿಯ ಕಡೆ ನೋಡಿದೆ. ಬೆಳಿಗ್ಗೆ ಬೇಗ ಎದ್ದು ಚೀಲ ತೆಗೆದರಾಯಿತು ಎಂದುಕೊಂಡೆ. ಆಗಲೇ ಬಾಯಿಬಿಟ್ಟಿದ್ದರೆ ಈ ಕತೆಯ ಅರ್ಧ ನಡೆಯುತ್ತಿರಲಿಲ್ಲ.

ಶ್ರಾವಣದ ಗಾಳಿ ನನಗಿಂತ ಬೇಗ ಎದ್ದಿತು.

ಮೊದಲ ಸೀನು ಎದುರು ಕಟ್ಟೆಯ ಚೌಡವ್ವನದು. ಆಮೇಲೆ ಬಸ್ ಕಾಯುತ್ತಿದ್ದವರದು, ಒಬ್ಬರಾದ ಮೇಲೊಬ್ಬರದು. ಆಮೇಲೆ ಕಿಟಕಿಯ ಸಂದಿನಿಂದ ಘಾಟು ಒಳಗೆ ಬಂತು. ಅಡುಗೆಮನೆಯಿಂದ ದ್ರಾಕ್ಷಾಯಿಣಿ ಸೀನುತ್ತ ಬಂದಳು. ನಾನು ಹಾಸಿಗೆಯಿಂದ ಸೀನುತ್ತ ಎದ್ದೆ. ಇಬ್ಬರೂ ಒಮ್ಮೆಲೇ ಮಂಚದ ಕಡೆ ತಿರುಗಿದೆವು. ಕಪ್ಪು ಕನ್ನಡಕದ ಕೆಳಗೆ ಜಯವ್ವನ ಮೂಗು ನಿಧಾನವಾಗಿ ಮೇಲೇರುತ್ತಿತ್ತು.

“ಅವ್ವಾ, ಶೀನಬ್ಯಾಡ!” ಎಂದು ದ್ರಾಕ್ಷಾಯಿಣಿ ಹಾರಿ ಬಂದು ತಾಯಿಯ ಮೂಗು ಹಿಡಿದಳು. ಒಂದು ಕೈಯಿಂದ ಮೂಗು ಹಿಡಿದು, ಇನ್ನೊಂದರಿಂದ ಹಸಿ ಟವೆಲ್ ಮುಖದ ಮೇಲೆ ಎಳೆದು, ಮಂಚ ಎತ್ತಲು ನನಗೆ ಸನ್ನೆ ಮಾಡಿದಳು. ಹಿಂಬಾಗಿಲಿನಿಂದ ಹಿತ್ತಲಿಗೆ ಒಯ್ಯಬೇಕು. ತಲೆಯ ಕಡೆ ಆಕೆ ಒಂದೇ ಕೈಯಿಂದ ಎತ್ತಿದಳು, ಕಾಲಿನ ಕಡೆ ನಾನು. ಪಡಸಾಲೆಯಿಂದ ಹಿತ್ತಲಿಗೆ ಇಪ್ಪತ್ತು ಹೆಜ್ಜೆ. ಅಷ್ಟರಲ್ಲಿ ನಾನು ಹನ್ನೊಂದು ಸಲ ಸೀನಿದೆ. ಪ್ರತಿ ಸೀನಿಗೂ ಮಂಚ ಗಾಡಿಯಂತೆ ಕುಲುಕಿತು.

ಟವೆಲಿನ ಒಳಗಿನಿಂದ ಮೂಗು ಕಟ್ಟಿದ ದನಿಯೊಂದು ಶಾಂತವಾಗಿ ಹೇಳಿತು: “ಅಳಿಯಂದ್ರ, ನೀವು ಬಿಡ್ರಿ. ನನಗ ಕಣ್ಣಷ್ಟ ಆಪರೇಷನ್ ಆಗೇತಿ. ಕಾಲು ಗಟ್ಟಿ ಅದಾವು, ನಡಕೋತ ಬರ್ತೀನಿ.”

ಅವರನ್ನು ಹಿತ್ತಲಲ್ಲಿ ಕೂರಿಸಿ, ಚೀಲ ಕಿತ್ತು ಹಾಕಲೆಂದು ಮನೆಯನ್ನು ಸುತ್ತುಹಾಕಿ ಮುಂದೆ ಓಡಿದೆ. ಅಲ್ಲಿ ಕಂಡ ನೋಟ ನನ್ನ ಇಪ್ಪತ್ತು ವರ್ಷದ ಪಾಠವನ್ನು ಅಲ್ಲಾಡಿಸಿತು. ನವಿಲು ಬಂದಿತ್ತು. ಓಡಿರಲಿಲ್ಲ, ಸೀನಿರಲಿಲ್ಲ. ಚೀಲದ ಹೊಲಿಗೆಯಲ್ಲಿ ಸಿಕ್ಕಿಕೊಂಡಿದ್ದ ಮೆಣಸಿನಕಾಯಿ ಬೀಜಗಳನ್ನು ಒಂದೊಂದಾಗಿ ಹೆಕ್ಕಿ, ಕತ್ತು ನಿಮಿರಿಸಿ ನುಂಗುತ್ತಿತ್ತು. ಒಂಟಿಯಾಗಿಯೂ ಬಂದಿರಲಿಲ್ಲ. ಮೂರು ಹೆಣ್ಣು ನವಿಲುಗಳು ಕೆಳಗೆ ಉದುರಿದ ಬೀಜವನ್ನು ಆರಿಸಿಕೊಳ್ಳುತ್ತಿದ್ದವು. ಇಡೀ ಅಗಡಿ ಸೀನುತ್ತಿರುವಾಗ ಆ ನಾಲ್ಕೇ ಜೀವಗಳು ನೆಮ್ಮದಿಯಿಂದ ಉಪಾಹಾರ ಮಾಡುತ್ತಿದ್ದವು.

ಹಕ್ಕಿಗಳಿಗೆ ಮೆಣಸಿನಕಾಯಿಯ ಖಾರ ಹತ್ತುವುದೇ ಇಲ್ಲ ಎಂಬುದನ್ನು ಆಮೇಲೆ ನಮ್ಮ ಶಾಲೆಯ ಗ್ರಂಥಾಲಯದ ಪುಸ್ತಕವೊಂದರಲ್ಲಿ ಓದಿದೆ. ಆ ಪುಸ್ತಕದ ಹಿಂದಿನ ಚೀಟಿಯಲ್ಲಿ, ಹಿಂದೊಮ್ಮೆ ಎರವಲು ಪಡೆದವರ ಜಾಗದಲ್ಲಿ ನನ್ನದೇ ಸಹಿ ಇತ್ತು.

ಆ ದಿನ ಮಾತ್ರ ನಗು ಬರಲಿಲ್ಲ. ಜಯವ್ವನ ಕಣ್ಣು ಕೆಂಪಾಗಿತ್ತು. ಹಾವೇರಿಯ ಆಸ್ಪತ್ರೆಗೆ ಕರೆದೊಯ್ದೆವು. ಒಳಗೆ ಪರೀಕ್ಷೆ ನಡೆಯುತ್ತಿದ್ದಾಗ ಹೊರಗಿನ ಬೆಂಚಿನ ಮೇಲೆ ದ್ರಾಕ್ಷಾಯಿಣಿ ಒಂದು ತುದಿಗೆ, ನಾನು ಇನ್ನೊಂದು ತುದಿಗೆ ಕೂತೆವು. ಆಕೆ ಬೈದಿದ್ದರೆ ನಡೆಯುತ್ತಿತ್ತು. ಬೈಯಲಿಲ್ಲ. ಆ ಕಣ್ಣಿಗೇನಾದರೂ ಆದರೆ ನಾನು ಹಲಗೇರಿಯಲ್ಲಷ್ಟೇ ಅಲ್ಲ, ನನ್ನ ಮನೆಯಲ್ಲೂ ಮುಖ ತೋರಿಸುವಂತಿರಲಿಲ್ಲ. ಇಪ್ಪತ್ತು ನಿಮಿಷದ ಮೇಲೆ ಡಾಕ್ಟರು ಹೊರಗೆ ಬಂದು, ಹೊಲಿಗೆ ಗಟ್ಟಿಯಾಗಿದೆ, ಹನಿ ಔಷಧ ಬಿಡಿ ಸಾಕು ಎಂದರು. ಕಣ್ಣು ಇಷ್ಟು ಕೆಂಪಾಗಲು ಕಾರಣವೇನೆಂದು ಕೇಳಿದರು. ನಾನು ನೆಲ ನೋಡಿದೆ.

“ಮನಿ ದುರಸ್ತಿ ನಡದೈತ್ರಿ,” ಎಂದರು ಜಯವ್ವ.

ಮನೆಗೆ ಬಂದವಳೇ ದ್ರಾಕ್ಷಾಯಿಣಿ ಬಕೀಟಿನಲ್ಲಿ ಸುಣ್ಣ ಕಲಸಿದಳು. ಹಳೆಯ ಸೀರೆಯೊಂದು ಕೊನೆಗೂ ಹೊರಬಂತು. ಅದನ್ನು ಸುಣ್ಣದಲ್ಲಿ ಅದ್ದಿ ಹತ್ತು ನಿಮಿಷದಲ್ಲಿ ಇಡೀ ಗಾಜು ಬಳಿದು, ಕೈ ತೊಳೆದುಕೊಂಡು, ನನ್ನ ಕಡೆ ತಿರುಗಿ ಒಂದೇ ಮಾತು ಕೇಳಿದಳು: “ನಿಮ್ಮ ವಿಜ್ಞಾನ ಮನುಷ್ಯಾರಿಗಷ್ಟ ಹತ್ತತೈತೇನ್ರಿ?”

ಮರುದಿನ ಬೆಳಿಗ್ಗೆ ನವಿಲು ಬಂತು. ಬಿಳಿ ಗಾಜನ್ನು ಒಂದು ಬದಿಯಿಂದ ನೋಡಿತು, ಇನ್ನೊಂದು ಬದಿಯಿಂದ ನೋಡಿತು. ವೈರಿ ಇರಲಿಲ್ಲ. ಹೊರಟುಹೋಯಿತು. ಫಕ್ಕೀರಪ್ಪ ಹೇಳಿದ ಹಾಗೆಯೇ ಆಯಿತೆಂದು ನಾನು ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾದ ಅಗತ್ಯವೂ ಇರಲಿಲ್ಲ, ಚೌಡವ್ವ ಊರಿಗೆಲ್ಲ ಹೇಳಿದಳು.

ನಾಲ್ಕು ವಾರ ಮನೆ ತಣ್ಣಗಿತ್ತು. ಆಮೇಲೆ ಜಯವ್ವನಿಗೆ ಹೊಸ ಕನ್ನಡಕ ಬಂತು.

ಐದಾರು ವರ್ಷದಿಂದ ಮಂಜಿನಲ್ಲಿದ್ದ ಜೀವಕ್ಕೆ ಒಮ್ಮೆಲೇ ಎಲ್ಲ ಕಾಣತೊಡಗಿತು. ಜಂತಿಯ ಮೂಲೆಯ ಜೇಡರ ಬಲೆ ಕಂಡಿತು. ಪಾತ್ರೆಯ ತಳದ ಮಸಿ ಕಂಡಿತು. “ಅಯ್ಯ ಶಿವನ, ಅಳಿಯಂದ್ರ ಕೂದ್ಲ ಇಷ್ಟು ಬೆಳ್ಳಗಾಗ್ಯಾವ?” ಎಂದು ಮಗಳನ್ನು ಕೇಳಿದರು. ಸಂಜೆ ಅಂಗಳಕ್ಕೆ ಬಂದು ಮನೆಯ ಮುಂಭಾಗವನ್ನು ಬಹಳ ಹೊತ್ತು ನೋಡಿದರು. ತಮ್ಮ ಆರೈಕೆಯ ಗಡಿಬಿಡಿಯಲ್ಲಿ ಮಗಳು ಅಳಿಯ ಮನೆಯನ್ನೇ ಮರೆತರು, ಅಷ್ಟು ಚಂದದ ಗಾಜಿನ ಮೇಲೆ ಸುಣ್ಣ ಸಿಡಿದು ಒಣಗಿದ್ದರೂ ಒರೆಸಲು ಅವರಿಗೆ ಪುರಸತ್ತಿಲ್ಲವಾಯಿತು ಎಂದು ಪಾಪ ಅವರು ಮನಸ್ಸಿಗೆ ಹಚ್ಚಿಕೊಂಡಿದ್ದರು. ಸುಣ್ಣ ಬಳಿದದ್ದೇಕೆಂದು ಅವರಿಗೆ ನಾವು ಯಾರೂ ಹೇಳಿರಲಿಲ್ಲ. ಹೇಳಿದರೆ ಚೀಲದ ಸುದ್ದಿಯೂ ಬರುತ್ತದೆಂದು ನಾನೇ ಹೇಳಗೊಟ್ಟಿರಲಿಲ್ಲ, ಚೌಡವ್ವನನ್ನೂ ಅವರ ಹತ್ತಿರ ಸುಳಿಯಗೊಟ್ಟಿರಲಿಲ್ಲ. ಆ ದಿನದ ಘಾಟು ಮನೆ ದುರಸ್ತಿಯದೆಂದೇ ಅವರು ನಂಬಿದ್ದರು.

ಮರುದಿನ ಬೆಳಕು ಹರಿಯುವ ಮೊದಲೇ ಅವರು ಎದ್ದು, ಹುಣಸೆಹಣ್ಣು ನೆನೆಸಿ, ತೆಂಗಿನ ನಾರಿನಿಂದ ಗಾಜನ್ನು ತಿಕ್ಕಿದರು. ಸುಣ್ಣಕ್ಕೆ ಹುಳಿ ತಾಗಿದರೆ ಏನಾಗುತ್ತದೆಂಬುದನ್ನು ನಾನು ಎಂಟನೇ ಇಯತ್ತೆಗೆ ಕಲಿಸುತ್ತೇನೆ. ಅಂಗಡಿಯಲ್ಲಿದ್ದಾಗಲೂ ಆ ಗಾಜು ಹಾಗೆ ಹೊಳೆದಿರಲಿಲ್ಲ.

ಏಳು ಗಂಟೆಗೆ ನನ್ನನ್ನು ಎಬ್ಬಿಸಿ, ಹೊರಗೆ ಬಂದು ನೋಡಿ ಎಂದು ಸಂಭ್ರಮದಿಂದ ಕರೆದರು. ಲುಂಗಿ ಸರಿಪಡಿಸಿಕೊಳ್ಳುತ್ತ ಹೊರಗೆ ಬಂದು ಗಾಜಿನ ಮುಂದೆ ನಿಂತೆ. ಗಾಜಿನಲ್ಲಿ ನನ್ನ ಮುಖ ಕಂಡಿತು. ಪಕ್ಕದಲ್ಲಿ ಅತ್ತೆಯ ನಗುಮುಖ. ನಮ್ಮಿಬ್ಬರ ಹಿಂದೆ, ರಸ್ತೆಯ ನಡುಮಧ್ಯೆ, ಇನ್ನೊಂದು ಮುಖ ಇತ್ತು. ಅದರ ಮೇಲೆ ಜುಟ್ಟಿತ್ತು.

ನಾನು ಅತ್ತೆಯನ್ನು ಪಕ್ಕಕ್ಕೆಳೆದೆ. ನಾಲ್ಕು ವಾರದ ಬಾಕಿಯನ್ನೆಲ್ಲ ಒಂದೇ ನೆಗೆತದಲ್ಲಿ ತೀರಿಸುವಂತೆ ನವಿಲು ಹಾರಿ ಬಂದು ಒದೆಯಿತು. ಮೊದಲೇ ಬಿರುಕು ಬಿಟ್ಟಿದ್ದ ಗಾಜು ಛಳ್ಳನೆ ಪಡಸಾಲೆಯ ಒಳಗೆ ಸುರಿಯಿತು. ನವಿಲು ಬೆಚ್ಚಿ ಹಿಂದಕ್ಕೆ ಹಾರಿತು. ಅದಕ್ಕೆಲ್ಲಿ ಪೆಟ್ಟಾಗಿದೆಯೋ, ನನ್ನ ಮೇಲೆಲ್ಲಿ ಕೇಸಾಗುತ್ತದೋ ಎಂದು ಜೀವ ಕೈಯಲ್ಲಿ ಹಿಡಿದು ನೋಡಿದೆ. ಏನೂ ಆಗಿರಲಿಲ್ಲ. ಕತ್ತು ಚಾಚಿ ಪಡಸಾಲೆಯನ್ನು ನೋಡಿತು: ಟೀವಿ, ಮಂಚ, ಗೋಡೆಯ ಮೇಲಿನ ನಮ್ಮ ಮದುವೆಯ ಫೋಟೋ. ನೋಡುವಂಥದ್ದು ಅದಕ್ಕೂ ಏನೂ ಕಾಣಲಿಲ್ಲವೆಂದು ತೋರುತ್ತದೆ. ವೈರಿ ಸತ್ತನೆಂದು ಖಾತ್ರಿ ಮಾಡಿಕೊಂಡು, ಬಾಲ ಎಳೆದುಕೊಂಡು, ಹೊಲಕ್ಕೆ ಹೋಯಿತು.

ಜಯವ್ವ ನಾರು ಹಿಡಿದುಕೊಂಡೇ ಅಳತೊಡಗಿದರು. ಹೊಸ ಕಣ್ಣಿನಲ್ಲಿ ಮೊದಲ ನೀರು ಅದು. ನನಗೆ ಆಸ್ಪತ್ರೆಯ ಬೆಂಚು ನೆನಪಾಯಿತು.

“ಅತ್ತಿಯಾರ, ನಿಮ್ಮ ತಪ್ಪಿಲ್ರಿ,” ಎಂದೆ. “ಹೇಳಬೇಕಾಗಿದ್ದು ನಾ ಹೇಳಲಿಲ್ಲ.”

ಎಲ್ಲವನ್ನೂ ಹೇಳಿದೆ. ಚೀಲದ ಸುದ್ದಿಯನ್ನೂ. ಅವರು ಅಳು ನಿಲ್ಲಿಸಿ ಗಮನವಿಟ್ಟು ಕೇಳಿದರು. ಆ ಮಧ್ಯಾಹ್ನ ನನ್ನ ರೊಟ್ಟಿಯ ಮೇಲೆ ಬೆಣ್ಣೆಯ ಉಂಡೆ ಎಂದಿಗಿಂತ ದೊಡ್ಡದಿತ್ತು.

ಇನ್ನು ದುರಸ್ತಿ ನಿಜಕ್ಕೂ ಶುರುವಾಗಬೇಕಿತ್ತು. ಗಾಜೇ ಇಲ್ಲದ ಮೇಲೆ ದಸರಾ ತನಕ ಕಾಯುವುದೇಕೆ? ಈ ಸಲ ಮಬ್ಬು ಗಾಜು ಸಾಕೆಂದು ನಾಸೀರನಿಗೆ ಹೇಳಿದೆ. ಗೌಂಡಿ ಡಾಕಪ್ಪ ಬಂದು ನೋಡಿ, ಹಿತ್ತಲಲ್ಲಿ ಒಂದು ಟ್ರಾಕ್ಟರ್ ಉಸುಕು ಹಾಕಿಸಿ, ಗಣೇಶನ ಚೌತಿ ಮುಗಿಸಿ ಬರುತ್ತೇನೆಂದು ಹೋದ. ಚೌತಿ ಮುಗಿಯಿತು, ಮಳೆಯಲ್ಲಿ ಮೂರು ದಿನ ಹೋಯಿತು. ನಾಲ್ಕನೆಯ ದಿನ ಡಾಕಪ್ಪ ಸಲಿಕೆ ಹಿಡಿದು ಹಿತ್ತಲಿಗೆ ಹೋದವನು, ಬೆಕ್ಕಿನ ಹೆಜ್ಜೆ ಇಡುತ್ತ ವಾಪಸು ಬಂದ. ಉಸುಕಿನ ರಾಶಿಗೂ ಮೇವಿನ ಬಣವೆಗೂ ನಡುವಿನ ಸಂದಿನಲ್ಲಿ ಹೆಣ್ಣು ನವಿಲೊಂದು ಕೂತಿತ್ತು. ಕೆಳಗೆ ಐದು ಮೊಟ್ಟೆ.

ಫಕ್ಕೀರಪ್ಪನವರಿಗೆ ಹೇಳಿಕಳಿಸಿದೆವು. ಅವರು ದೂರದಿಂದ ನೋಡಿ, ಮೊದಲೇ ಮಡಚಿ ತೋರಿಸಿದ್ದ ಬೆರಳನ್ನೇ ಮತ್ತೆ ಮಡಚಿದರು. ಮರಿ ಆಗುವ ತನಕ, ಅಂದರೆ ಸುಮಾರು ನಾಲ್ಕು ವಾರ, ಉಸುಕಿಗೆ ಯಾರೂ ಕೈ ಹಚ್ಚುವಂತಿಲ್ಲ. ಬೆದರಿದರೆ ತಾಯಿ ಮೊಟ್ಟೆ ಬಿಟ್ಟು ಹೋಗಿಬಿಡುತ್ತದೆ.

ಡಾಕಪ್ಪ ಸಲಿಕೆ ಹೆಗಲಿಗೇರಿಸಿಕೊಂಡು ಬೇರೆ ಕೆಲಸಕ್ಕೆ ಹೋದ. ಕಿಟಕಿಗೆ ಪ್ಲಾಸ್ಟಿಕ್ ತಾಡಪತ್ರಿ ಕಟ್ಟಿದೆವು. ಹಲಗೇರಿಗೆ ಹೊರಟಿದ್ದ ಜಯವ್ವ ಗಂಟು ಬಿಚ್ಚಿ ಒಳಗಿಟ್ಟರು. ಹಿತ್ತಲ ಬಾಗಿಲಲ್ಲಿ ಒಂದು ಕೋಲು ಹಿಡಿದು ಕೂತರೆಂದರೆ ಮುಗಿಯಿತು, ನಾಯಿ ಸುಳಿಯುವಂತಿಲ್ಲ, ಬೆಕ್ಕು ಇಣುಕುವಂತಿಲ್ಲ. ಒಮ್ಮೆ ಮುಂಗುಸಿಯೊಂದನ್ನು ಬೇಲಿಯಾಚೆಗೆ ಅಟ್ಟಿದರು. ಅವರು ಊಟಕ್ಕೆ ಎದ್ದರೆ ಆ ಜಾಗದಲ್ಲಿ ದ್ರಾಕ್ಷಾಯಿಣಿ ಕೂರುತ್ತಿದ್ದಳು. ಅತ್ತೆಯ ಹೊಸ ಕನ್ನಡಕಕ್ಕೆ ಕಾಣದ್ದೇ ಇರಲಿಲ್ಲ.

ನನಗೋ ರಾತ್ರಿಯೆಲ್ಲ ತಾಡಪತ್ರಿಯ ಪಟಪಟ ಸದ್ದು. ರಾಶಿಯ ಆ ತುದಿಗೆ ನವಿಲಿದ್ದರೆ ಈ ತುದಿಯಿಂದ ಎರಡು ಬುಟ್ಟಿ ಉಸುಕು ತೆಗೆದರೆ ಏನಾಗುತ್ತದೆ? ಕೆಳಗಿನ ಪ್ಲಾಸ್ಟರನ್ನಾದರೂ ಮುಗಿಸಬಹುದಲ್ಲ? ಒಂದು ರವಿವಾರ ಮಧ್ಯಾಹ್ನ, ಅತ್ತೆ ತೂಕಡಿಸುತ್ತಿದ್ದಾರೆಂದುಕೊಂಡು, ಬರಿಗಾಲಲ್ಲಿ ಬುಟ್ಟಿ ಹಿಡಿದು ಹೊರಟೆ. ಮೂರು ಹೆಜ್ಜೆ ಇಟ್ಟಿರಬೇಕು.

“ಅಳಿಯಂದ್ರ, ಬುಟ್ಟಿ ಅಲ್ಲೇ ಇಡ್ರಿ,” ಎಂದಿತು ಬಾಗಿಲಿನಿಂದ ದನಿ.

ಬುಟ್ಟಿ ಜಪ್ತಿಯಾಯಿತು. ಮರುವಾರ ಬಕೀಟು ಜಪ್ತಿಯಾಯಿತು. ಮೂರನೆಯ ಸಲ ನನ್ನ ಕೈಯಲ್ಲಿ ಏನೂ ಇರಲಿಲ್ಲ, ಸುಮ್ಮನೆ ನೋಡಲು ಹೋಗಿದ್ದೆ. ಆದರೂ ವಾಪಸು ಕಳಿಸಿದರು. ವಾರಕ್ಕೊಮ್ಮೆ ವಿಚಾರಿಸಲು ಬರುತ್ತಿದ್ದ ಫಕ್ಕೀರಪ್ಪನವರು ಅತ್ತೆಯ ಪಕ್ಕದಲ್ಲಿ ಕೂತು ಎಲೆಅಡಿಕೆ ಹಾಕಿಕೊಂಡು ಇದನ್ನೆಲ್ಲ ಕೇಳಿ, ಚಿಕ್ಕ ಪುಸ್ತಕದಲ್ಲಿ ಏನೋ ಬರೆದುಕೊಂಡು ಹೋಗುತ್ತಿದ್ದರು. ಇಲಾಖೆಯ ಲೆಕ್ಕವಿರಬೇಕೆಂದು ನಾನು ಕೇಳಲಿಲ್ಲ.

ಸೆಪ್ಟೆಂಬರ್ ಕೊನೆಯ ವಾರ ಒಂದು ಬೆಳಿಗ್ಗೆ ದ್ರಾಕ್ಷಾಯಿಣಿ ನನ್ನನ್ನು ತಟ್ಟಿ ಎಬ್ಬಿಸಿ, ಸದ್ದು ಮಾಡದೆ ಬರಲು ಹೇಳಿದಳು. ಹಿತ್ತಲ ಬೇಲಿಯ ಸಂದಿನಿಂದ ತಾಯಿ ನವಿಲು ಹೊಲಕ್ಕೆ ಇಳಿಯುತ್ತಿತ್ತು. ಹಿಂದೆ ನಾಲ್ಕು ಕಂದು ಮರಿಗಳು, ಕಡಲೆಕಾಯಿಗೆ ಕಾಲು ಬಂದ ಹಾಗೆ. ಕೊನೆಯದು ಒಂದು ಮಣ್ಣಿನ ಹೆಂಟೆಗೆ ಎಡವಿ ಬಿದ್ದು, ಎದ್ದು, ಓಡಿ ಸೇರಿಕೊಂಡಿತು. ನಾವು ಮೂವರೂ ಗೋವಿನಜೋಳದ ಸಾಲಿನಲ್ಲಿ ಅವು ಮರೆಯಾಗುವ ತನಕ ನಿಂತೆವು. ಉಸುಕು ಬಿಡುಗಡೆಯಾಯಿತೆಂಬುದು ನನಗೆ ಹೊಳೆದದ್ದು ಶಾಲೆಗೆ ಹೋಗುವ ಬಸ್ಸು ತಪ್ಪಿದ ಮೇಲೆ.

ಡಾಕಪ್ಪ ಮೂರೇ ದಿನದಲ್ಲಿ ಎಲ್ಲ ಮುಗಿಸಿದ. ಮಬ್ಬು ಗಾಜು ಕೂತಿತು.

ಅಕ್ಟೋಬರ್ ಮೊದಲ ವಾರ ವನ್ಯಜೀವಿ ಸಪ್ತಾಹ. ಆ ವರ್ಷದ ಕಾರ್ಯಕ್ರಮ ನಮ್ಮ ಶಾಲೆಯಲ್ಲೇ. ನಿರೂಪಣೆ ಎಂದಿನಂತೆ ನನ್ನದು. ಮೈಕು ಕೈಗೆ ಬಂದರೆ ನನ್ನ ದನಿ ತಾನಾಗಿಯೇ ಒಂದು ಗೇಣು ಎತ್ತರವಾಗುತ್ತದೆ. ಮುಂದಿನ ಸಾಲಿನಲ್ಲಿ ಜಯವ್ವ ಇಳಕಲ್ ಸೀರೆ ಉಟ್ಟು, ಕನ್ನಡಕ ಒರೆಸಿ ಹಾಕಿಕೊಂಡು ಕೂತಿದ್ದರು. ಪಕ್ಕದಲ್ಲಿ ದ್ರಾಕ್ಷಾಯಿಣಿ. ಅತ್ತೆಗೆ ಅರಣ್ಯ ಇಲಾಖೆಯಿಂದ ಪ್ರಶಂಸಾಪತ್ರ ಬಂದಿತ್ತು. ಫಕ್ಕೀರಪ್ಪನವರು ಮುಚ್ಚಿದ ಲಕೋಟೆಯನ್ನು ವೇದಿಕೆಯ ಮೇಲೆಯೇ ನನ್ನ ಕೈಗಿಟ್ಟು, ತಮ್ಮದೇ ವರದಿಯ ಮೇಲಿಂದ ಸಾಹೇಬರು ಬರೆಸಿದ್ದೆಂದೂ, ಸ್ವಲ್ಪ ಗಟ್ಟಿಯಾಗಿ ಓದಬೇಕೆಂದೂ ಹೇಳಿ ಹಿಂದೆ ಸರಿದರು.

ಗಟ್ಟಿಯಾಗಿ ಓದುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಲಕೋಟೆ ಒಡೆದು, ಗಂಟಲು ಸರಿಮಾಡಿಕೊಂಡು, ಒಂದೊಂದು ಅಕ್ಷರಕ್ಕೂ ತೂಕ ಕೊಟ್ಟು ಓದಿದೆ:

“ಹಲಗೇರಿಯ ಶ್ರೀಮತಿ ಜಯವ್ವನವರು, ಇತ್ತೀಚೆಗಷ್ಟೇ ಕಣ್ಣಿನ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದರೂ ಲೆಕ್ಕಿಸದೆ, ಅಗಡಿ ಗ್ರಾಮದ ತಮ್ಮ ಮಗಳ ಮನೆಯಲ್ಲಿ ನಾಲ್ಕು ವಾರಗಳ ಕಾಲ ಹಗಲಿರುಳು ಕಾವಲಿದ್ದು, ರಾಷ್ಟ್ರಪಕ್ಷಿಯ ಮೊಟ್ಟೆಗಳನ್ನು ನಾಯಿ, ಬೆಕ್ಕು, ಮುಂಗುಸಿ ಹಾಗೂ ಸದರಿ ಮನೆಯ ಯಜಮಾನರಿಂದ ರಕ್ಷಿಸಿರುತ್ತಾರೆ.”

ಓದಿ ಮುಗಿಸಿದ ಮೇಲೆ ಅದರ ಅರ್ಥ ನನಗಾಯಿತು. ಎದುರಿಗೆ ಕೂತಿದ್ದ ಆರುನೂರು ಮಕ್ಕಳಿಗೆ ಅದಕ್ಕೂ ಸ್ವಲ್ಪ ಮೊದಲೇ ಆಗಿತ್ತು.